ಕೆರೆಯಂಗಳದಲ್ಲಿ ಎರಡು ಮೇಜು

ಖಾದರ್ ಸಾಬರು ಯಾರ ಕೊಟ್ಟಿಗೆಗೆ ಹೋದರೂ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಒಳಗೆ ಸಗಣಿ, ಗಂಜಲ, ಕೆಸರು ಏನೇ ಇರಲಿ, ಬರಿಗಾಲು. ಕೆಲಸ ಮುಗಿಸಿ ಹೊರಗೆ ಬಂದವರೇ ಜೇಬಿನಿಂದ ಕ್ಯಾಮೆರಾ ರೀಲಿನ ಹಳೆಯ ಡಬ್ಬಿ ತೆಗೆದು, ಅದರೊಳಗಿನ ಸೋಪಿನ ಚೂರಿನಿಂದ ಮೊದಲು ಕಾಲು, ಆಮೇಲೆ ಕೈ ತೊಳೆದು, ಒದ್ದೆ ಕಾಲು ಆರುವವರೆಗೆ ನಿಂತು ಚಪ್ಪಲಿ ಮೆಟ್ಟುತ್ತಿದ್ದರು. ಯಾಕೆ ಹೀಗೆ ಎಂದು ಕೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳುತ್ತಿದ್ದರು. ವಯಸ್ಸಾದ ಹೆಂಗಸರಿಗೆ, "ಲಕ್ಷ್ಮಿ ಇರೋ ಜಾಗ ಅಲ್ವೇನಮ್ಮ." ಗಂಡಸರಿಗೆ, "ಚಪ್ಪಲಿ ಸದ್ದಾದ್ರೆ ಸೂಜಿ ಬಂತು ಅಂತ ಅದಕ್ಕೆ ಗೊತ್ತಾಗ್ಬಿಡತ್ತೆ ಕಣಪ್ಪ." ನಾನು ಕೇಳಿದಾಗ ನಿಜವಾದ ಕಾರಣ ಹೇಳಿದರು. "ಆ ಮನೆ ಸಗಣಿ ಈ ಮನೆಗೆ ಹೊತ್ಕೊಂಡ್ ಬರ್ಬಾರ್ದು ಮೇಡಂ. ಕಾಲು ತೊಳೀಬೋದು. ಚಪ್ಪಲಿ ಸಂದಿ ಯಾರು ತೊಳೀತಾರೆ?"

ಸೀಗೇಕುಂಟೆಯ ಪಶು ಆಸ್ಪತ್ರೆಗೆ ನಾನು ವೈದ್ಯೆಯಾಗಿ ಬಂದಾಗ ಅವರು ಅಲ್ಲಿ ಹಿರಿಯ ಪಶುವೈದ್ಯ ಪರೀಕ್ಷಕರು. ಕಾಗದದ ಮೇಲೆ ನನ್ನ ಕೈಕೆಳಗಿನವರು. ಗೌರಿಬಿದನೂರಿನಿಂದ ಹೊರಟ ಬಸ್ಸು ಸೀಗೇಕುಂಟೆಯಲ್ಲಿ ತಿರುಗಿಸಿಕೊಂಡು ವಾಪಸು ಹೋಗುತ್ತದೆ, ಮುಂದೆ ಆಂಧ್ರ. ಸಾಬರ ಮನೆ ಗೌರಿಬಿದನೂರಿನಲ್ಲಿ. ದಿನವೂ ಟಿವಿಎಸ್ ಗಾಡಿಯ ಹಿಂದೆ ಲಸಿಕೆಯ ಐಸ್ ಡಬ್ಬಿಯನ್ನು ಸೈಕಲ್ ಟ್ಯೂಬಿನಿಂದ ಬಿಗಿದುಕೊಂಡು ಬರುತ್ತಿದ್ದರು. ಅಂಗಿಯ ಜೇಬಿನಲ್ಲಿ ಪೆನ್ನು ಮತ್ತು ಥರ್ಮಾಮೀಟರು ಅಕ್ಕಪಕ್ಕ ಇರುತ್ತಿದ್ದವು. ಹಾಜರಿ ಪುಸ್ತಕಕ್ಕೆ ಥರ್ಮಾಮೀಟರಿನಿಂದ ಸಹಿ ಮಾಡಲು ಹೋಗಿ, ಗಾಜಿನ ತುದಿ ಕಾಗದದ ಮೇಲೆ ಜಾರಿದಾಗ, "ಪುಸ್ತಕಕ್ಕೆ ಜ್ವರ ಇಲ್ಲ ಮೇಡಂ" ಎಂದು ಗಂಭೀರವಾಗಿ ಹೇಳಿ ಪೆನ್ನು ತೆಗೆದದ್ದನ್ನು ನಾನೇ ನೋಡಿದ್ದೇನೆ. ಮನೆಯಲ್ಲಿ ಉರ್ದು, ಕಡತಕ್ಕೆ ಕನ್ನಡ, ದನಗಳಿಗೆ ತೆಲುಗು. ಎಣಿಸುವುದು ಮಾತ್ರ ಯಾವಾಗಲೂ ಉರ್ದುವಿನಲ್ಲಿ. ಸಿಟ್ಟು ಬಂದರೆ ಅವರ ಕನ್ನಡ ಬಹಳ ವಿನಯದ್ದಾಗುತ್ತಿತ್ತು. "ತಾವು ದಯವಿಟ್ಟು" ಎಂದು ಶುರುವಾದರೆ ಊರಿನವರು ಜಾಗ ಖಾಲಿ ಮಾಡುತ್ತಿದ್ದರು.

ನನ್ನ ಮೊದಲ ದಿನವೇ ಹಸುವೊಂದಕ್ಕೆ ಕಷ್ಟದ ಹೆರಿಗೆ ಮಾಡಿಸಬೇಕಾಗಿ ಬಂತು. ಹಸುವಿನ ಯಜಮಾನ ನನ್ನನ್ನು ಮೇಲಿಂದ ಕೆಳಗೆ ನೋಡಿ ಸಾಬರ ಕಡೆ ತಿರುಗಿದ. "ಸಾಬ್ರೇ, ಈಯಮ್ಮ ಇಷ್ಟುದ್ದ ಅವ್ರೆ. ಹಸ ಒದ್ರೆ ಎಲ್ಲೋಗಿ ಬೀಳ್ತಾರೆ?"

"ಬಿದ್ದ ಕಡೆಯಿಂದ ಎದ್ದು ಬರ್ತಾರೆ ಬಿಡಪ್ಪ. ನೀನು ಹಗ್ಗ ಗಟ್ಟಿಯಾಗಿ ಹಿಡ್ಕೊ. ಡಾಕ್ಟ್ರು ಅವ್ರು, ನಾನಲ್ಲ."

ಆ ಕೊನೆಯ ಮಾತನ್ನು ಅವರು ನಂತರದ ಒಂದು ವರ್ಷವಿಡೀ ಊರೂರಲ್ಲಿ ಹೇಳಿದರು. ತಮ್ಮ ಕೈಯಿಂದ ಆಗುವ ಕೆಲಸಕ್ಕೂ ನನ್ನನ್ನು ಕರೆದು ಪಕ್ಕದಲ್ಲಿ ನಿಲ್ಲುತ್ತಿದ್ದರು. ಜನ ಅವರನ್ನು ಬಿಟ್ಟು ನನ್ನನ್ನು ಕೇಳಲು ಶುರುಮಾಡಿದ್ದು ಹಾಗೆ.

ನಾನು ಶಿಡ್ಲಘಟ್ಟದ ಹತ್ತಿರದ ಹಳ್ಳಿಯವಳು. ನಮ್ಮ ಮನೆಯಲ್ಲಿ ಹಿಪ್ಪುನೇರಳೆ, ರೇಷ್ಮೆ ಹುಳು. ಹುಳುವಿನ ಮನೆಯಲ್ಲಿ ಬೆಳೆದವರಿಗೆ ಹೊತ್ತು, ಶುಚಿ, ಅಳತೆ ಇವು ಮೈಗೆ ಹತ್ತಿಬಿಡುತ್ತವೆ. ಹುಳು ಹಾಕಿದ ತಟ್ಟೆಯಲ್ಲೇ ಇರುತ್ತದೆ. ಪಟ್ಟಿಯಲ್ಲಿ ಎಷ್ಟು ತಟ್ಟೆ ಎಂದು ಬರೆದಿದ್ದೇವೋ ಗೂಡಿನ ಮನೆಯಲ್ಲಿ ಅಷ್ಟೇ ತಟ್ಟೆ. ಸೀಗೇಕುಂಟೆಯಲ್ಲಿಯೂ ಪಟ್ಟಿ ಹಾಗೇ ಇರಬೇಕೆಂದು ನಾನು ಬಯಸಿದೆ. ಆದರೆ ದನಕ್ಕೆ ನಾಲ್ಕು ಕಾಲು.

ಅಲ್ಲಿ ಗಡಿಗೆ ಬೇಲಿಯಿಲ್ಲ. ಊರ ಕೆರೆಯ ಅಂಗಳದ ನಡುವೆ ಒಂದು ಕಲ್ಲಿದೆ. ಏರಿ ನಮ್ಮ ಕಡೆ, ಅಂಗಳದ ಅರ್ಧ ನಮ್ಮದು, ಇನ್ನರ್ಧ ಆಂಧ್ರದ ಕೊತ್ತಪಲ್ಲಿಯದು. ಎರಡು ಊರಿನ ದನವೂ ಒಂದೇ ಹುಲ್ಲು ಮೇಯುತ್ತವೆ, ಒಂದೇ ಗುಂಡಿಯಲ್ಲಿ ನೀರು ಕುಡಿಯುತ್ತವೆ. ಹೆಣ್ಣು ಕೊಡುವುದು ತರುವುದು ಎರಡು ಊರಿಗೂ ಹಳೆಯ ಬಳಕೆ. ಹೆಣ್ಣಿನ ಜೊತೆಗೆ ದನವೂ ಹೋಗುತ್ತದೆ. ಸೀಗೇಕುಂಟೆಯ ಗಂಡಸರು ಬಹಳ ಮಂದಿ ಕುಡುಮಲಕುಂಟೆಯ ಕಾರ್ಖಾನೆಗಳಿಗೆ ಶಿಫ್ಟಿಗೆ ಹೋಗುವುದರಿಂದ ದನ ಮೇಯಿಸಲು ಮನೆಯಲ್ಲಿ ಆಳಿಲ್ಲ. ಹಾಗಾಗಿ ಇನ್ನೂ ಕರು ಹಾಕದ ಕಡಸನ್ನು ಕೊತ್ತಪಲ್ಲಿಯಲ್ಲಿರುವ ಅಕ್ಕನಿಗೋ ತಂಗಿಗೋ ಪಾಲಿಗೆ ಕೊಡುತ್ತಾರೆ. ಕಡಸು ಕೊಟ್ಟವರದು, ಸಾಕುವುದು ಪಡೆದವರು. ಹಾಲು ಸಾಕಿದವರಿಗೆ. ಮೊದಲ ಕರು ಸಾಕಿದವರಿಗೆ, ಎರಡನೆಯದು ಕೊಟ್ಟವರಿಗೆ. ಇದಕ್ಕೆ ಕಾಗದವಿಲ್ಲ, ಸಾಕ್ಷಿಯಿಲ್ಲ.

ಆದರೆ ಸರ್ಕಾರಕ್ಕೆ ಕಾಗದ ಬೇಕು. ಪ್ರತಿ ದನದ ಕಿವಿಗೂ ಒಂದು ಹಳದಿ ಓಲೆ, ಓಲೆಯ ಮೇಲೆ ಒಂದು ಸಂಖ್ಯೆ. ಆ ಸಂಖ್ಯೆಯನ್ನು ಫೋನಿನಲ್ಲಿ ಹಾಕಿದರೆ ಯಜಮಾನನ ಹೆಸರು, ಊರು, ರಾಜ್ಯ ಬರುತ್ತದೆ. ಆರು ತಿಂಗಳಿಗೊಮ್ಮೆ ಕಾಲುಬಾಯಿ ಜ್ವರದ ಲಸಿಕೆ ಹಾಕುವಾಗ ಆ ಪಟ್ಟಿಯೇ ಆಧಾರ. ಸೀಗೇಕುಂಟೆಯ ವೆಂಕಟರಮಣಪ್ಪನವರು ಕೊತ್ತಪಲ್ಲಿಯ ತಮ್ಮ ತಂಗಿ ನರಸಮ್ಮನಿಗೆ ಪಾಲಿಗೆ ಕೊಟ್ಟ ಒಂದು ಸೀಮೆಹಸು ಆ ಪಟ್ಟಿಯಲ್ಲಿತ್ತು. ಆಂಧ್ರದ ಸಿಬ್ಬಂದಿ ಕೊತ್ತಪಲ್ಲಿಗೆ ಬಂದಾಗ ಫೋನು ಕರ್ನಾಟಕ ಎನ್ನುತ್ತಿತ್ತು. ಅವರು ಬಿಟ್ಟು ಹೋಗುತ್ತಿದ್ದರು. ನಾವು ಸೀಗೇಕುಂಟೆಗೆ ಹೋದರೆ ಹಸು ಅಲ್ಲಿರುತ್ತಿರಲಿಲ್ಲ.

ನನ್ನ ಮೊದಲ ಸುತ್ತಿನಲ್ಲಿ ಊರೆಲ್ಲ ಮುಗಿಯಿತು, ಉಳಿದ ಪಾಲಿನ ದನಗಳಿಗೆ ಸಾಬರು ನನಗೆ ತಿಳಿಯದಂತೆ ಹಾಕಿಬಿಟ್ಟಿದ್ದರು; ಆ ಒಂದು ಹೆಸರು ಮಾತ್ರ ಕೆಂಪಗೆ ಉಳಿಯಿತು.

"ಅದೊಂದು ಬಿಡಿ ಮೇಡಂ, ಸಂಜೆ ನಾನ್ ಹಾಕ್ತೀನಿ" ಎಂದರು ಸಾಬರು. "ಐದು ಗಂಟೆಗೆ ಈ ಕಡೆ ಗುಂಡಿಗೆ ನೀರಿಗೆ ಬರತ್ತೆ. ಪ್ರತಿ ಸಲಾನೂ ಹಂಗೇ ಹಾಕೋದು."

"ಆ ರಾಜ್ಯದಲ್ಲಿರುವ ದನಕ್ಕೆ ನಮ್ಮ ಲಸಿಕೆ ಹಾಕುವ ಹಾಗಿಲ್ಲ. ಹಾಕಿದ ಮೇಲೆ ಏನಾದರೂ ಆದರೆ ಯಾರು ಜವಾಬ್ದಾರಿ?" ಎಂದೆ ನಾನು. ಪಟ್ಟಿಯಲ್ಲಿ 'ಹಸು ಸ್ಥಳದಲ್ಲಿಲ್ಲ' ಎಂಬ ಆಯ್ಕೆ ಇರಲಿಲ್ಲ. 'ಸತ್ತಿದೆ' ಎಂಬುದಿತ್ತು, 'ಮಾರಾಟವಾಗಿದೆ' ಎಂಬುದಿತ್ತು. ನಾನು ಎರಡನೆಯದರ ಮೇಲೆ ಬೆರಳಿಟ್ಟೆ.

"ಒಂದ್ನಿಮಿಷ ತಡೀರಿ ಮೇಡಂ. ಮಾರಿಲ್ಲ ಅದನ್ನ."

"ಇಲ್ಲಿ ಇಲ್ಲವಲ್ಲ."

ಬೆರಳು ಒತ್ತಿದೆ. ಕೆಂಪು ಹೋಯಿತು. ನಮ್ಮ ಆಸ್ಪತ್ರೆಯ ಪಟ್ಟಿ ಸಂಪೂರ್ಣವಾಯಿತು ಎಂದು ಚಿಕ್ಕಬಳ್ಳಾಪುರದ ಕಚೇರಿಯಿಂದ ಮೆಚ್ಚುಗೆಯ ಸಂದೇಶ ಬಂತು. ಅದನ್ನು ನಾನು ಅವರಿಗೆ ತೋರಿಸಿದೆ ಕೂಡ.

ಆ ಚಳಿಗಾಲ ಕೊತ್ತಪಲ್ಲಿಗೆ ಜ್ವರ ಬಂತು. ಅಲ್ಲಿ ಅದನ್ನು ಗಾಲಿಕುಂಟು ಎನ್ನುತ್ತಾರೆ. ಲಸಿಕೆಯಾದ ದನಗಳು ಹೆಚ್ಚುಕಡಿಮೆ ತಪ್ಪಿಸಿಕೊಂಡವು. ನರಸಮ್ಮನ ಹಸುವಿಗೆ ಬಾಯಿ ತುಂಬ ಹುಣ್ಣು, ಗೊರಸಿನ ಸಂದಿಯಲ್ಲಿ ಕೀವು. ಅದಕ್ಕೆ ಎರಡು ತಿಂಗಳ ಹೆಣ್ಣು ಕರು ಇತ್ತು, ಹಾಲು ಕುಡಿಯುವ ಕರು; ಅಂಥ ಎಳೆಗರುವಿಗೆ ಈ ಜ್ವರ ಎದೆಗೇ ಹತ್ತುತ್ತದೆ.

ಸಾಬರು ಎರಡು ದಿನ ರಜೆ ಬರೆದುಕೊಟ್ಟರು. ಕಾರಣದ ಜಾಗದಲ್ಲಿ 'ಸ್ವಂತ ಕೆಲಸ' ಎಂದಿತ್ತು. ಸರ್ಕಾರದ ಔಷಧಿ ಮುಟ್ಟದೆ ಪೇಟೆಯಲ್ಲಿ ಕೊಂಡ ಪಟಿಕ, ಮುಲಾಮು ತೆಗೆದುಕೊಂಡು ಕಲ್ಲು ದಾಟಿ ಹೋದರು. ಪಟಿಕದ ನೀರಿನಲ್ಲಿ ಹಸುವಿನ ಬಾಯಿ ತೊಳೆದು, ರಾಗಿ ಅಂಬಲಿ ಕುಡಿಸಿ, ಗೊರಸಿಗೆ ಮುಲಾಮು ಹಚ್ಚಿದರು. ಜ್ವರ ಈ ಕಡೆಗೆ ಹತ್ತಬಾರದೆಂದು ಆಮೇಲೂ ವಾರ ಕಾಲ ನಮ್ಮ ಊರಿನ ಒಂದು ದನವನ್ನೂ ಮುಟ್ಟಲಿಲ್ಲ. ಆಸ್ಪತ್ರೆಯ ಬರವಣಿಗೆ ಮಾತ್ರ ಮಾಡಿಕೊಂಡು ಕೂತರು. ಎರಡನೆಯ ದಿನ ಮಧ್ಯಾಹ್ನ ನಾನು ಕೆರೆಯಂಗಳದ ಕಲ್ಲಿನವರೆಗೆ ನಡೆದು ಹೋಗಿ ನಿಂತೆ. ಆ ಕಡೆಯಿಂದ ಅವರು, ಹಿಂದೆ ನರಸಮ್ಮ ಬಂದರು. ನರಸಮ್ಮ ನಲವತ್ತರ ಆಸುಪಾಸಿನ, ಗಟ್ಟಿ ದನಿಯ ಹೆಂಗಸು. ಆ ದಿನ ದನಿ ಇರಲಿಲ್ಲ.

"ನಾ ದೂಡ ಪೋಯಿಂದಮ್ಮಾ" ಎಂದರು. ನನ್ನ ಕರು ಹೋಯಿತು ಎಂದು. ಆಮೇಲೆ ನನಗೆ ತೆಲುಗು ಬರುವುದಿಲ್ಲವೇನೋ ಎಂದುಕೊಂಡು ಕನ್ನಡದಲ್ಲಿ ಇನ್ನೊಮ್ಮೆ ಹೇಳಿದರು. "ಹಸ ನಮ್ಮಣ್ಣಂದು. ಕರ ನಂದಾಗಿತ್ತು. ನಂದು ಅಂತ ಇದ್ದಿದ್ದು ಅದೊಂದೇ."

ವಾಪಸು ಬರುವಾಗ ಸಾಬರು ನನ್ನಿಂದ ಹತ್ತು ಮಾರು ದೂರ ನಡೆಯುತ್ತಿದ್ದರು. ಅಷ್ಟು ದೂರದಿಂದಲೇ ನಾನು ಕೇಳಿದೆ, "ನನ್ನ ತಪ್ಪಲ್ಲವಾ?"

"ಅಲ್ಲ ಅಂತ ನಾನು ಹೇಳಲ್ಲ ಮೇಡಂ" ಎಂದರು. "ನಿಮ್ಮೊಬ್ಬರದ್ದೇ ಅಲ್ಲ ಅಂತೀನಿ. ನಾನು ಕದ್ದು ಹಾಕ್ತಿದ್ದೆ. ಕದ್ದು ಮಾಡೋ ಕೆಲ್ಸ ಮಾಡೋನು ಇರೋವರ್ಗೂ ಅಷ್ಟೆ. ನಾನು ರಿಟೈರ್ ಆದ್ಮೇಲೆ ಯಾರು ಹಾಕ್ತಾರೆ ಅಂತ ಒಂದಿನಾನೂ ಯೋಚ್ನೆ ಮಾಡಿರ್ಲಿಲ್ಲ."

ಅಲ್ಲಿಂದ ಆ ಹಸುವಿಗೂ ಅದರಂಥ ಇತರ ಪಾಲಿನ ದನಗಳಿಗೂ ಕದ್ದುಮುಚ್ಚಿಯಲ್ಲದೆ ಲಸಿಕೆ ಹಾಕುವುದು ನಮ್ಮಿಬ್ಬರ ಕೆಲಸವಾಯಿತು.

ನಾನು ನಾಲ್ಕು ಪುಟದ ಪತ್ರ ಬರೆದೆ. ಎರಡು ರಾಜ್ಯದ ಸಿಬ್ಬಂದಿಯೂ ಗಡಿಯಿಂದ ಇಂತಿಷ್ಟು ದೂರದವರೆಗೆ ಪರಸ್ಪರರ ದನಗಳಿಗೆ ಲಸಿಕೆ ಹಾಕಲು ಅನುಮತಿ ಕೋರಿದೆ. ಉತ್ತರ ಒಂದೇ ಸಾಲಿನದು. ಅಂತರರಾಜ್ಯ ವಿಷಯವಾದ್ದರಿಂದ ಸರ್ಕಾರದ ಹಂತದಲ್ಲಿ ತೀರ್ಮಾನವಾಗಬೇಕು. ಕೊತ್ತಪಲ್ಲಿಯ ದನಗಳನ್ನು ಹಗ್ಗ ಹಿಡಿದು ನಮ್ಮ ಆಸ್ಪತ್ರೆಗೇ ಕರೆಸೋಣವೆಂದರೆ, ಗಡಿ ದಾಟಿಸಿ ತರುವ ದನಕ್ಕೆ ಸಾಗಾಣಿಕೆ ಪರವಾನಗಿ ಬೇಕು ಎಂದರು. ಓಲೆಯ ಹೆಸರನ್ನೇ ನರಸಮ್ಮನಿಗೆ ಬದಲಾಯಿಸೋಣವೆಂದರೆ ಊರಿನವರು ಒಪ್ಪಲಿಲ್ಲ. ಹೆಸರು ಬದಲಾದರೆ ಹಸುವೇ ಹೋದ ಹಾಗೆ ಎಂಬುದು ಅವರ ಹೆದರಿಕೆ. ಎರಡು ಸುತ್ತು ಹೀಗೇ ಕಳೆದವು.

ಆ ಕಡೆಯ ಪಶುವೈದ್ಯರು ಡಾಕ್ಟರ್ ಸುಧಾಕರ್. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಅವಸರದ ಮನುಷ್ಯ. ಅವರನ್ನು ನಾನು ಮೊದಲು ನೋಡಿದ್ದು ನಮ್ಮ ಬಸ್ಸು ತಿರುಗುವ ಜಾಗದ ಟೀ ಅಂಗಡಿಯಲ್ಲಿ. ಸಾಬರೇ ಕರೆಸಿದ್ದರು. ಸುಧಾಕರ್ ಅವರ ಪತ್ರಕ್ಕೂ ಅಂಥದೇ ಉತ್ತರ ಬಂದಿತ್ತು. ಇಬ್ಬರೂ ಉತ್ತರಗಳನ್ನು ಬೆಂಚಿನ ಮೇಲೆ ಪಕ್ಕಪಕ್ಕ ಇಟ್ಟೆವು. ಸಾಬರು ಎರಡನ್ನೂ ನಿಧಾನವಾಗಿ ಓದಿ ಮಡಿಚಿದರು.

"ತಪ್ಪು ನಮ್ಮದೇ" ಎಂದರು. "ಅವ್ರ ಕೈಲಿ ಇಲ್ದಿರೋದನ್ನ ಕೇಳಿದೀವಿ. ಇಲ್ಲ ಅಂದಿದಾರೆ. ಸುಧಾಕರ್ ಸಾರ್, ನಿಮ್ಮೂರಲ್ಲಿ ಕ್ಯಾಂಪು ಯಾವತ್ತು ಮಾಡ್ಬೇಕು ಅಂತ ಯಾರು ಹೇಳ್ತಾರೆ?"

"ನೇನೇ. ನಾನೇ ಬರ್ದು ಕಳಿಸ್ತೀನಿ, ಮೇಲಿಂದ ಒಪ್ಕೊಳ್ತಾರೆ."

"ಎಲ್ಲಿ ಮಾಡ್ಬೇಕು ಅಂತ?"

"ಅದೂ ನಾನೇ."

"ಮೇಡಂ, ನಮ್ದು?"

"ನಾನೇ" ಎಂದೆ.

"ಹಂಗಾದ್ರೆ ಇಬ್ರೂ ಒಂದೇ ದಿನ ಬರೀರಿ. ಜಾಗ ಕೆರೆ ಅಂಗಳ ಅಂತ ಬರೀರಿ. ಅವ್ರ ಮೇಜು ಕಲ್ಲಿನ ಆ ಕಡೆ, ನಮ್ ಮೇಜು ಈ ಕಡೆ. ಅವ್ರ ಔಷಧಿ ಅವ್ರ ನೆಲ ಬಿಡಲ್ಲ, ನಮ್ದು ನಮ್ ನೆಲ ಬಿಡಲ್ಲ. ಯಾರೂ ದಾಟಲ್ಲ."

"ದನ ದಾಟಬೇಕಲ್ಲ?" ಎಂದೆ.

"ದನ ದಿನಾ ದಾಟತ್ತೆ ಮೇಡಂ. ಮೇಯ್ಕೊಂಡು ಬರತ್ತೆ. ಕಿವೀಲಿ ಯಾವ ಓಲೆ ಇದ್ಯೋ ಆ ಮೇಜಿಗೆ ಹೋಗತ್ತೆ. ಮೇಯಕ್ಕೆ ಬಂದಿರೋ ಹಸಾಗೆ ಯಾರಾದ್ರೂ ಪರ್ಮಿಟ್ ಕೇಳ್ತಾರಾ?"

ಸುಧಾಕರ್ ಟೀ ಲೋಟ ಕೆಳಗಿಟ್ಟು ಜೋರಾಗಿ ನಕ್ಕರು. ನಾನು ನಿಯಮಗಳ ಪುಸ್ತಕ ತಂದು ಒಂದೊಂದೇ ಸಾಲು ಹುಡುಕಿದೆ. ಒಂದೇ ಕೆರೆಯ ಹುಲ್ಲುಗಾವಲಿಗೆ ದಿನವೂ ಬಂದು ಹೋಗುವ ಊರದನವನ್ನು ಸಾಗಾಣಿಕೆ ಎಂದು ಕರೆಯುವ ಸಾಲು ಸಿಗಲಿಲ್ಲ. ಆದರೂ ಸಮಾಧಾನವಾಗದೆ ನಮ್ಮ ಪಂಚಾಯ್ತಿಯಿಂದ ಕೆರೆಯಂಗಳ ಬಳಸಲು ಒಪ್ಪಿಗೆ ಪತ್ರ ತಂದೆ. ಸುಧಾಕರ್ ತಮ್ಮ ಕಡೆಯದನ್ನು ತಂದರು. ಅದಕ್ಕೆ ಎರಡು ತಿಂಗಳು ಹಿಡಿಯಿತು. ನಮ್ಮ ಮೇಲಧಿಕಾರಿಗೆ ಈ ಸಲ ಬರೆದದ್ದು ಐದು ಸಾಲು. ವಾರದಲ್ಲಿ ಒಪ್ಪಿಗೆ ಬಂತು.

ಉಳಿದದ್ದು ನನ್ನ ಬೆರಳಿನ ಕೆಲಸ. ನಾನು 'ಮಾರಾಟ' ಎಂದು ನಮೂದಿಸಿದ್ದನ್ನು ಅಳಿಸದೆ ಆ ಹಸು ಯಾವ ಮೇಜಿಗೂ ಸೇರುವಂತಿರಲಿಲ್ಲ. ಅಳಿಸಬೇಕಾದರೆ ವೆಂಕಟರಮಣಪ್ಪನವರ ಫೋನಿಗೆ ಬರುವ ಓಟಿಪಿ ಬೇಕು. ಕಾರ್ಖಾನೆಯೊಳಗೆ ಫೋನು ಬಿಡುವುದಿಲ್ಲ. ಅವರು ಹೊರಗೆ ಬರುವ ಹೊತ್ತಿಗೆ ಓಟಿಪಿಯ ಅವಧಿ ಮುಗಿದಿರುತ್ತಿತ್ತು. ಕೊನೆಗೆ ಸಾಬರೂ ನಾನೂ ಕುಡುಮಲಕುಂಟೆಗೆ ಹೋಗಿ, ಶಿಫ್ಟು ಬಿಡುವ ಹೊತ್ತಿಗೆ ಗೇಟಿನ ಮುಂದೆ ನಿಂತೆವು. ನೀಲಿ ಅಂಗಿಯವರ ಗುಂಪಿನಿಂದ ವೆಂಕಟರಮಣಪ್ಪನವರು ಬಂದರು. ನನ್ನ ಮುಖ ನೋಡಿದ್ದೇ ನಿಂತರು.

"ಮಾರಿದೀನಿ ಅಂತ ಬರ್ದೋರು ನೀವೇ ಅಲ್ವಾ ಮೇಡಂ? ಇರ್ಲಿ ಬಿಡಿ, ಮಾರ್ದಂಗೇ ಇರ್ಲಿ. ನನ್ ತಂಗಿ ಹೇಳ್ತಾಳೆ, ಮೊದಲ್ನೇ ಕರು ಬದುಕ್ಲಿಲ್ಲ, ಈಗ ಹುಟ್ಟಿರೋದೇ ನಂದು ಅಂತ. ನಂದು ಎರಡ್ನೇದು, ನಂದು ನಂಗೆ ಕೊಡು ಅಂದ್ರೆ ಬಾಗ್ಲಾಕ್ತಾಳೆ. ಅವ್ಳ ಮನೆ ಮೆಟ್ಲು ಹತ್ತಿ ಎಷ್ಟು ದಿನ ಆಯ್ತು ಗೊತ್ತಾ?"

ಹಸು ಬದುಕಿ ಮತ್ತೊಂದು ಹೆಣ್ಣು ಕರು ಹಾಕಿತ್ತು. ಜಗಳ ಅದರದು. ಅದು ನನಗೆ ಅಂದೇ ತಿಳಿದದ್ದು.

"ಹಸಾ ನಿಂದು ಅಂತ ಇಬ್ರೂ ಒಪ್ತೀರಲ್ಲ ವೆಂಕಟರಮಣಪ್ಪ?" ಎಂದರು ಸಾಬರು.

"ಅದು ನಂದೇ. ಅದ್ರಲ್ಲೇನಿದೆ?"

"ಸರ್ಕಾರ ಅಲ್ಲ ಅಂತಿದೆ. ಮೊದ್ಲು ಸರ್ಕಾರದ ಹತ್ರ ನಿನ್ ಹಸಾ ವಾಪಸ್ ತಗೋ. ಕರು ಜಗಳ ಆಮೇಲೆ ಆಡೋವಂತ್ರಿ, ಊರು ಎಲ್ಗೂ ಹೋಗಲ್ಲ."

ವೆಂಕಟರಮಣಪ್ಪನವರು ಫೋನು ತೆರೆದರು. ನಾನು ಗುಂಡಿ ಒತ್ತಿದೆ. ಅವರು ಅಂಕಿಗಳನ್ನು ಒಂದೊಂದಾಗಿ, ಯಾರಿಗೋ ಸಾಲ ಕೊಡುತ್ತಿರುವವರ ಹಾಗೆ ಓದಿದರು. ಸಾಬರು ಪಕ್ಕದಲ್ಲಿ ಅದನ್ನೇ ಉರ್ದುವಿನಲ್ಲಿ ಹೇಳಿಕೊಳ್ಳುತ್ತಿದ್ದರು. ಹಸು ಪಟ್ಟಿಗೆ ಮರಳಿತು.

ಶಿಬಿರದ ಬೆಳಗ್ಗೆ ಕೆರೆಯಂಗಳದಲ್ಲಿ ಎರಡು ಮೇಜು ಬಿದ್ದವು. ನಡುವೆ ಕಲ್ಲು. ನಮ್ಮದು ಶಾಲೆಯಿಂದ ತಂದದ್ದು, ಅವರದು ಟೀ ಅಂಗಡಿಯ ಬೆಂಚಿನ ಮೇಲೆ ಹಲಗೆ. ಇಬ್ಬನಿ ಒಣಗುವ ಮೊದಲೇ ದನ ಬರತೊಡಗಿದವು. ಓಲೆ ನೋಡಿ ಸಾಬರು ಕೂಗುತ್ತಿದ್ದರು: "ಇದು ನಮ್ದು! ಇದು ಸುಧಾಕರ್ ಸಾರ್‌ದು! ಏ ತಾಯಿ, ಇಟ್ಲಾ ರಾ, ನೀನ್ಯಾಕೆ ಆ ಕಡೆ ಹೋಗ್ತಿದೀಯ?" ಹೆಂಗಸರು ನಗುತ್ತಿದ್ದರು. ಒಬ್ಬಾಕೆ ತನ್ನ ಎಮ್ಮೆಗೆ, "ಹೋಗೇ, ನಿಂಗೆ ಕರ್ನಾಟಕದ ಸೂಜಿ ಬೇಕಂತೆ" ಎಂದು ಬೆನ್ನಿಗೆ ತಟ್ಟಿದಳು.

ಒಂದು ವಿಷಯ ನಾನು ಆ ದಿನ ಗಮನಿಸಿದೆ. ಎಷ್ಟು ದನ ಮೊಂಡಾಟ ಮಾಡಿದರೂ ಕಲ್ಲಿನ ಹತ್ತಿರ ಸಾಬರು ಹಗ್ಗ ಹಿಡಿಯುತ್ತಿರಲಿಲ್ಲ. ಕೈ ಹಿಂದಕ್ಕೆ ಕಟ್ಟಿ ನಿಂತು, ಯಜಮಾನರನ್ನೇ ಕರೆಯುತ್ತಿದ್ದರು. ಒಂದು ಹೋರಿ ಕಲ್ಲಿನ ಮೇಲೇ ನಿಂತುಬಿಟ್ಟಾಗ ನಾನು "ಸ್ವಲ್ಪ ಹಿಡಿದುಕೊಳ್ಳಿ" ಎಂದೆ. "ಬೇಡ ಮೇಡಂ" ಎಂದರು, ದನಿ ಏರಿಸದೆ. "ಗಡೀಲಿ ಖಾದರ್ ಸಾಬ್ ಕೈಲಿ ಹಗ್ಗ. ಯಾರಾದ್ರೂ ಒಂದು ಫೋಟೋ ಹೊಡೆದ್ರೆ ಕ್ಯಾಂಪು ನಿಂತೋಗತ್ತೆ." ಅಷ್ಟು ವರ್ಷ ಆ ಅಂಗಳದಲ್ಲಿ ಓಡಾಡಿದವರು ಅದನ್ನು ಲೆಕ್ಕ ಹಾಕಿಕೊಂಡೇ ಓಡಾಡಿದ್ದರು. ಹೋಗಿ ಹಗ್ಗ ನಾನೇ ಹಿಡಿದೆ.

ಹತ್ತು ಗಂಟೆಗೆ ನರಸಮ್ಮನ ಹಸು ನಮ್ಮ ಮೇಜಿಗೆ ಬಂತು. ಸೂಜಿ ಹಾಕಿದೆ, ಸಂಖ್ಯೆ ಬರೆದೆ. ಹಸುವಿನ ಹಿಂದೆ ಕರು. ನಾಲ್ಕು ತಿಂಗಳು ತುಂಬಿದ, ಓಲೆಯಿಲ್ಲದ ಕರು. ಅದಕ್ಕೆ ಲಸಿಕೆ ಹಾಕುವ ಮೊದಲು ಓಲೆ ಚುಚ್ಚಬೇಕು. ಯಾವ ರಾಜ್ಯದ ಓಲೆ, ಯಾರ ಹೆಸರು? ರಜೆ ಹಾಕಿ ಬಂದಿದ್ದ ವೆಂಕಟರಮಣಪ್ಪನವರು ನಮ್ಮ ಮೇಜಿನ ಪಕ್ಕ, ನರಸಮ್ಮ ಕಲ್ಲಿನ ಆ ಕಡೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಸುತ್ತಲಿನ ನಗು ನಿಂತಿತು.

ನನಗೆ ಜನರ ಮುಂದೆ ಮಾತಾಡಿ ಅಭ್ಯಾಸವಿಲ್ಲ. ಆದರೂ ಹೇಳಿದೆ. "ವೆಂಕಟರಮಣಪ್ಪನವರೇ, ಮೊದಲ ಕರು ಸತ್ತದ್ದು ನರಸಮ್ಮನವರು ಸಾಕಿದ್ದು ಸಾಲದೆ ಅಲ್ಲ. ಹಸುವಿಗೆ ಲಸಿಕೆ ಸಿಗಲಿಲ್ಲ. ಯಾಕೆಂದರೆ ನಾನು ಮಾರಾಟವಾಗಿದೆ ಎಂದು ಸುಳ್ಳು ಬರೆದೆ. ಸಾಬರು ಬೇಡ ಎಂದರೂ ಬರೆದೆ. ಇನ್ನು ನೀವಿಬ್ಬರೂ ಯೋಚನೆ ಮಾಡಿ."

ವೆಂಕಟರಮಣಪ್ಪನವರು ನೆಲ ನೋಡುತ್ತ ನಿಂತರು. ಆಮೇಲೆ ನನಗೂ ಅಲ್ಲದೆ, ತಂಗಿಗೂ ಅಲ್ಲದೆ, ಸಾಬರಿಗೆ ಹೇಳಿದರು. "ಆ ಕಡೆ ಓಲೆ ಹಾಕ್ಸಿ." ಅಷ್ಟೇ. ಯಾರ ಜೊತೆಗೂ ಮಾತಾಡದೆ ಏರಿ ಹತ್ತಿ ಹೊರಟುಹೋದರು. ಕರು ತಾಯಿಯನ್ನು ಬಿಟ್ಟು ಹೋಗಲು ಒಪ್ಪದೆ ಅಂಬಾ ಎನ್ನುತ್ತಿತ್ತು. ನರಸಮ್ಮ ಅದನ್ನು ತಬ್ಬಿಕೊಂಡು ಸುಧಾಕರ್ ಅವರ ಮೇಜಿಗೆ ಕರೆದುಕೊಂಡು ಹೋದರು. ಓಲೆ ಚುಚ್ಚುವಾಗ ಅವರು ಅಣ್ಣ ಹೋದ ಏರಿಯ ಕಡೆ ನೋಡುತ್ತಿದ್ದರು.

ಆ ತಿಂಗಳ ಕೊನೆಗೆ ಸಾಬರು ನಿವೃತ್ತರಾದರು. ಬೀಳ್ಕೊಡುಗೆ ಬೇಡವೆಂದರು. ಟೀ ಅಂಗಡಿಯಲ್ಲಿ ಎಲ್ಲರಿಗೂ ತಾವೇ ಬನ್ನು ಕೊಡಿಸಿ, ಐಸ್ ಡಬ್ಬಿಯ ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಹೆಂಡತಿ ಹಿಂದೆಯೇ ತೀರಿಕೊಂಡಿದ್ದರಿಂದ ಗೌರಿಬಿದನೂರಿನ ಮನೆ ಬಾಡಿಗೆಗೆ ಕೊಟ್ಟು ಚಿಂತಾಮಣಿಯ ಮಗಳ ಮನೆಗೆ ಸೇರಿಕೊಂಡರು.

ವರ್ಷ ಕಳೆದ ಮೇಲೆ ಎರಡು ಜಿಲ್ಲೆಯ ಕಚೇರಿಗಳೂ ಗಡಿಯ ಊರುಗಳಿಗೆಲ್ಲ ಲಸಿಕೆಗೆ ಒಂದೇ ದಿನ ಗೊತ್ತುಮಾಡಿ ಸುತ್ತೋಲೆ ಹೊರಡಿಸಿದವು. ನಮ್ಮದು ಕನ್ನಡದಲ್ಲಿ, ಅವರದು ತೆಲುಗಿನಲ್ಲಿ. ಎರಡರ ಪ್ರತಿಯನ್ನೂ ತೆಗೆದುಕೊಂಡು ಒಂದು ಭಾನುವಾರ ನಾನು ಚಿಂತಾಮಣಿಗೆ ಹೋದೆ. ಸಾಬರು ಸೊರಗಿದ್ದರು. ಕಿಡ್ನಿಯ ತೊಂದರೆ ಎಂದು ಮಗಳು ಮೊದಲೇ ಹೇಳಿದ್ದಳು. ಮಂಚದ ಮೇಲೆ ದಿಂಬಿಗೆ ಒರಗಿ ಕೂತು ಕಾಗದಗಳನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು. ಖುಷಿಪಡುತ್ತಾರೆಂದು ನಾನು ಕಾದೆ.

"ಚೆನ್ನಾಗ್ ಬರ್ದಿದಾರೆ" ಎಂದು ಮಡಿಚಿ ಪಕ್ಕಕ್ಕಿಟ್ಟರು. "ಅಣ್ಣ ತಂಗಿ ಮಾತಾಡ್ತಿದಾರಾ ಮೇಡಂ?"

ಹಸುವಿಗೆ ಯಾವ ತಾರೀಖು ಲಸಿಕೆಯಾಯಿತು, ಕರುವಿನ ಓಲೆಯ ಸಂಖ್ಯೆ ಎಷ್ಟು, ಇವು ನನಗೆ ಬಾಯಿಪಾಠ. ಇದನ್ನು ಕೇಳಿರಲಿಲ್ಲ. ಹಾಗೆಂದೆ.

"ಕೇಳ್ಕೊಂಡ್ ಬನ್ನಿ" ಎಂದರು. "ಅವತ್ತು ಅವ್ನು ಏರಿ ಹತ್ತಿ ಹೋಗಿದ್ದು ನನ್ ಕಣ್ಣಲ್ಲಿದೆ. ಕರು ಕೊಟ್ಟ. ತಂಗೀನ ಬಿಟ್ಟನೇನೋ ಅಂತ." ಮಗಳು ಚಹಾ ತಂದಳು. ಕುಡಿಯುತ್ತ ಅವರು ನನ್ನ ತಂದೆಯ ಹುಳುವಿನ ಬಗ್ಗೆ, ಸುಧಾಕರ್ ಅವರ ವರ್ಗಾವಣೆಯ ಬಗ್ಗೆ ಕೇಳಿದರು. ಹೊರಡುವಾಗ ಬಾಗಿಲವರೆಗೂ ಬರಲು ಎದ್ದರು, ಮಗಳು ಬಿಡಲಿಲ್ಲ.

ಮುಂದಿನ ಭಾನುವಾರ ನನಗೆ ಬೇರೆ ಕೆಲಸ ಬಂತು. ಅದರ ಮುಂದಿನದು ಶಿಡ್ಲಘಟ್ಟದಲ್ಲಿ ನೆಂಟರ ಮದುವೆ. ಮೂರನೆಯ ಭಾನುವಾರ ನಾನು ಕೆರೆಯಂಗಳ ದಾಟಿ ಕೊತ್ತಪಲ್ಲಿಗೆ ಹೋದೆ. ನೌಕರಿಗೆ ಸೇರಿದ ಮೇಲೆ ಕಲ್ಲಿನ ಆ ಕಡೆ ಕಾಲಿಟ್ಟದ್ದು ಅದೇ ಮೊದಲು. ನರಸಮ್ಮನ ಮನೆ ಹುಡುಕುವ ಕಷ್ಟವಿರಲಿಲ್ಲ; ದನಿ ಬೀದಿಯ ತುದಿಗೇ ಕೇಳುತ್ತಿತ್ತು. ಅಂಗಳದಲ್ಲಿ ವೆಂಕಟರಮಣಪ್ಪನವರು ಒಂದು ಹೊಸ ಕಡಸನ್ನು ಗೂಟಕ್ಕೆ ಕಟ್ಟುತ್ತಿದ್ದರು. ಕಟ್ಟೆಯ ಮೇಲೆ ಅವರಿಗೆಂದು ಇಟ್ಟಿದ್ದ ಕಾಫಿ ಆರುತ್ತಿತ್ತು.

"ಬನ್ನಿ ಮೇಡಂ, ನೀವೇ ಹೇಳಿ" ಎಂದರು ನನ್ನನ್ನು ನೋಡಿದ್ದೇ. "ಇನ್ನೊಂದು ಕಡ್ಸು ಪಾಲಿಗೆ ಕೊಡ್ತಿದೀನಿ. ಮೊದಲ್ನೇ ಕರು ಏನಾದ್ರೂ ಆದ್ರೆ ಎರಡ್ನೇದು ಸಾಕ್ದೋರಿಗೇ ಅಂತ ಈಗ್ಲೇ ಮಾತಾಡ್ಕೊಳಣ ಅಂದ್ರೆ, ಕೆಟ್ಟ ಮಾತು ಆಡ್ಬೇಡ ಅಂತ ನನ್ಮೇಲೇ ಬೀಳ್ತಾಳೆ!"

"ಮತ್ತಿನ್ನೇನು! ಕಡ್ಸು ಬಾಗ್ಲಿಗೆ ಬಂದಿರೋ ಹೊತ್ನಲ್ಲಿ ಸಾಯೋ ಮಾತಾಡ್ತಾನೆ ನಮ್ಮಣ್ಣ. ಕೂತ್ಕೊಳ್ಳಮ್ಮ, ಕಾಫಿ ತರ್ತೀನಿ. ಇವ್ನಿಗೆ ಇಟ್ಟಿದ್ದು ಆರ್ಹೋಯ್ತು, ಕುಡಿಯೋದಕ್ಕೂ ಹೊತ್ತಿಲ್ಲ ಇವ್ನಿಗೆ, ವಾದ ಮಾಡೋದೇ ಆಯ್ತು."

ನಾನು ಕಾಫಿ ಕುಡಿದೆ. ಅವರ ಜಗಳ ಪೂರ್ತಿ ಕೇಳಿದೆ, ಸಾಬರಿಗೆ ಒಂದಕ್ಷರವೂ ಬಿಡದೆ ಹೇಳಬೇಕೆಂದು. ವಾಪಸು ಬರುತ್ತ ಏರಿಯ ಮೇಲೆ ನಿಂತು ಚಿಂತಾಮಣಿಗೆ ಫೋನು ಮಾಡಿದೆ. ಮಗಳು ಎತ್ತಿದಳು. ಹಿಂದಿನ ಗುರುವಾರವೇ ಹೋದರಂತೆ. ಅಬ್ಬಾನ ಫೋನಿನಲ್ಲಿ ನಿಮ್ಮ ನಂಬರು 'ಮೇಡಂ' ಎಂದಷ್ಟೇ ಇತ್ತು, ಅಂಥ ಮೇಡಂಗಳು ಹಲವರು, ಯಾವುದು ನಿಮ್ಮದೆಂದು ತಿಳಿಯದೆ ಹೇಳಲಾಗಲಿಲ್ಲ ಎಂದು ಅಳುತ್ತ ಕ್ಷಮೆ ಕೇಳಿದಳು.

ಹೇಳಬೇಕಾದದ್ದನ್ನು ಅವಳಿಗೆ ಹೇಳಲು ಆಗಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಮಾತಾಡ್ತಿದ್ದಾರೆ, ಸಾಬ್ರೇ. ಬೀದಿಗೆಲ್ಲ ಕೇಳುವ ಹಾಗೆ ಮಾತಾಡ್ತಿದ್ದಾರೆ.